ಹಳೆಯ ಯಂತ್ರಕ್ಕೂ ಹೊಸದಕ್ಕೂ ಒಂದೇ ಲೆಕ್ಕ

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿಗೆ ಆರು ವಿಷಯಗಳಲ್ಲಿ ಕೂಡಿ 359 ಅಂಕಗಳು ಬಂದಿದ್ದವು. ಕಚೇರಿಯ ಹಳೆಯ ಕಂಪ್ಯೂಟರು ಆಕೆಯ ಸರಾಸರಿಯನ್ನು 59 ಎಂದು ತೋರಿಸಿತು. ಪಾಠದ ಕೊಠಡಿಯ ಹೊಸ ಕಂಪ್ಯೂಟರು ಅದೇ ಪ್ರೋಗ್ರಾಮನ್ನು ನಡಿಸಿ 60 ಎಂದಿತು. ಪ್ರಥಮ ದರ್ಜೆಯು ಅರುವತ್ತರಿಂದ ಆರಂಭವಾಗುವದರಿಂದ ಆಕೆಯು ಕಣ್ಣೀರಿಟ್ಟದ್ದು ಸಹಜವೇ.

ಪ್ರೋಗ್ರಾಮು ಪೈಥಾನ್ ಭಾಷೆಯದು. ಅದರ ಎರಡನೆಯ ಆವೃತ್ತಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶವು ಬಿದ್ದುಹೋಗುವದು. 2008ರ ಡಿಸೆಂಬರಿನಲ್ಲಿ ಹೊರಟ ಮೂರನೆಯದರಲ್ಲಿ ಉಳಿಯುವದು. ಆದುದರಿಂದ ಹೊಸದಕ್ಕೆ ದೊರೆತದ್ದು 59.83, ಹಳೆಯದಕ್ಕೆ ಬರಿಯ 59. ಸಮೀಪದ ಪೂರ್ಣಾಂಕಕ್ಕೆ ತರುವ ಮುಂದಿನ ಸಾಲಿಗೆ ಹಳೆಯದರಲ್ಲಿ ಕೆಲಸವೇ ಉಳಿಯಲಿಲ್ಲ.

ಹಳೆಯದನ್ನು ಎಸೆದುಬಿಡಿರೆಂಬ ಬುದ್ಧಿವಾದವು ನಮಗೆ ಧಾರಾಳವಾಗಿ ದೊರೆಯಿತು. ಎರಡನೆಯ ಆವೃತ್ತಿಗೆ ಅದರ ನಿರ್ಮಾಪಕರ ಆರೈಕೆಯು 2020ರ ಜನವರಿ 1ಕ್ಕೆ ನಿಂತದ್ದು ನಿಜ. ಆದರೆ ಮೊದಲು 2015 ಎಂದಿದ್ದ ಗಡುವನ್ನು ಅವರೇ ಐದು ವರ್ಷ ಮುಂದಕ್ಕೆ ಹಾಕಿದ್ದರು. ದಾನವಾಗಿ ಬಂದ ಯಂತ್ರಗಳಿಂದ ಪಾಠ ನಡಿಸುವ ಶಾಲೆಗೆ ಎಸೆಯುವ ಮಾತು ಸುಲಭವಲ್ಲ.

ಹೊಸದನ್ನು ನಾವು ದೂಷಿಸುವದಿಲ್ಲ. ‘ಪ್ರಿಂಟ್’ ಎಂಬ ಪದದ ಮುಂದೆ ಆವರಣವಿಲ್ಲದ ಹಳೆಯ ಸಾಲನ್ನು ಕೊಟ್ಟರೆ ಹೊಸ ಆವೃತ್ತಿಯು ಒಡನೆ ನಿಂತು ತಪ್ಪನ್ನು ತೋರಿಸುವದು. ಅಂಥ ಭೇದಕ್ಕೆ ಅಂಜಬೇಕಾಗಿಲ್ಲ. ಬಾಯಿಬಿಡದೆ ಉತ್ತರವನ್ನೇ ಬದಲಿಸುವ ಭೇದಕ್ಕೆ ಅಂಜತಕ್ಕದ್ದು. ಕನ್ನಡ ಬರಹದಲ್ಲಿಯೂ ಇದುಂಟು. ‘ಶಾಲೆ’ ಎಂಬದರ ಉದ್ದವೆಷ್ಟೆಂದು ಕೇಳಿದರೆ, ಯುಟಿಎಫ್-8 ಕ್ರಮದ ಕಡತದಲ್ಲಿ, ಎರಡನೆಯ ಆವೃತ್ತಿಯು 12 ಎನ್ನುವದು, ಮೂರನೆಯದು 4 ಎನ್ನುವದು. (ನಮ್ಮ ಕಿವಿಗೆ ಕೇಳುವವು ಎರಡೇ ಅಕ್ಷರ!)

ಭಾಗಾಕಾರದ ತೊಡಕಿಗೆ ಪರಿಹಾರವು ಒಂದೇ ಸಾಲಿನದು. ‘ಫ್ಯೂಚರ್’ ಎಂಬ ಭಾಗದಿಂದ ‘ಡಿವಿಷನ್’ ಎಂಬದನ್ನು ತರಿಸಿಕೊಳ್ಳುವ ಸಾಲನ್ನು ಪ್ರೋಗ್ರಾಮಿನ ತಲೆಯಲ್ಲಿ ಬರೆದರೆ ಹಳೆಯದೂ ಹೊಸದರಂತೆ ಭಾಗಿಸುವದು. 2001ರಲ್ಲಿ ಹೊರಟ 2.2ರಿಂದಲೇ ಈ ಅನುಕೂಲವಿದೆ. ಅದನ್ನು ಬರೆಯದೆ, ಎರಡೂ ಯಂತ್ರಗಳಲ್ಲಿ ನಡಿಸಿ ನೋಡದೆ, ಅಂಕಪಟ್ಟಿಯನ್ನು ಮುದ್ರಿಸಕೂಡದೆಂದು ಈಗ ವಿಧಿಸಿದ್ದೇವೆ. ಇದು ದಂಡದ ಕೆಲಸವೆಂದು ಗೊಣಗಿದವರುಂಟು. ಬೆಳೆಯುವ ಹುಡುಗಿಯ ಲಂಗಕ್ಕೆ ಮಡಿಕೆಯಲ್ಲಿ ಬಟ್ಟೆ ಬಿಡುವದನ್ನು ನಮ್ಮ ಹೊಲಿಗೆಯ ತರಗತಿಯಲ್ಲಿ ಯಾರೂ ದಂಡವೆನ್ನರು.

ಆ ಹುಡುಗಿಯ ಪ್ರಗತಿಪತ್ರವನ್ನು ನಾವು ಕೈಯಿಂದಲೇ ಲೆಕ್ಕ ಹಾಕಿ, 60 ಎಂದು ತಿದ್ದಿ ರುಜು ಮಾಡಿದೆವು. ಹಳೆಯ ಯಂತ್ರವು ಹಿಂದಿನ ವರ್ಷಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳನ್ನು ಈಗ ಒಂದೊಂದಾಗಿ ತೆಗೆದು ನೋಡುತ್ತಲಿದ್ದೇವೆ.