ಗೋಲು ಹೊಡೆದವನ ಹೆಸರಷ್ಟೇ ಬರೆದರೆ ಸಾಕೇ?

ಮಸಗುಪ್ಪಿಯ ಚಹಾ ಅಂಗಡಿ ಮುಂದೆ ಒಬ್ಬ ತಂದೆ ನಮ್ಮನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಮಡಚಿದ ಪತ್ರಿಕೆ. "ನಮ್ಮ ಹುಡುಗನ್ನ ಮಾಸ್ತರು ಹಿಂದ ಯಾಕ ನಿಲ್ಲಿಸ್ಯಾರ್ರೀ? ಏನ ತಪ್ಪ ಮಾಡ್ಯಾನಂವ? ಮೊದಲ ಪೇಪರಿನ್ಯಾಗ ಹೆಸರರೆ ಬರ್ತಿತ್ತು. ಈಗ ಅದೂ ಇಲ್ಲ."

ಮೊದಲ ಎರಡು ಪ್ರಶ್ನೆ ಮಾಸ್ತರಿಗೆ. ಕೊನೆಯ ಮಾತು ಮಾತ್ರ ನಮಗೇ ತಾಗಿತು. ಆ ವರದಿ ಬರೆದು ಕಳಿಸಿದವರು ನಾವೇ.

ನಮ್ಮ ಹಳ್ಳಿಗಳಲ್ಲಿ ಫುಟ್‌ಬಾಲ್ ಇನ್ನೂ ಬೀಗರ ಮನೆಗೆ ಬಂದ ಹಾಗೆ ಇದೆ. ಮನೆಯ ಮಕ್ಕಳೆಂದರೆ ಕಬಡ್ಡಿ, ಕುಸ್ತಿ, ವಾಲಿಬಾಲ್, ಕ್ರಿಕೆಟ್. ಅಂಥದ್ದರಲ್ಲಿ ಹತ್ತನೇ ತರಗತಿಯ ಈ ಹುಡುಗ ಚೆಂಡಿನ ಹುಚ್ಚು ಹಿಡಿಸಿಕೊಂಡವನು. ಸ್ಟ್ರೈಕರ್‌ನ ಬೆನ್ನಿಗೇ ನಿಂತು ಆಡುತ್ತಿದ್ದ. ಇಬ್ಬರ ನಡುವಿನ ಸಂದಿಯಲ್ಲಿ ಚೆಂಡು ತೂರಿಸುವುದು, ಆಗೊಮ್ಮೆ ಈಗೊಮ್ಮೆ ತಾನೇ ಗೋಲು ಹೊಡೆಯುವುದು ಅವನ ಕೆಲಸ. ಈ ವರ್ಷ ಮಾಸ್ತರು ಅವನನ್ನು ಇಪ್ಪತ್ತು ಹೆಜ್ಜೆ ಹಿಂದೆ, ತಮ್ಮ ಡಿಫೆಂಡರ್‌ಗಳ ಮುಂದಕ್ಕೆ ತಂದು ನಿಲ್ಲಿಸಿದರು. ಹುಡುಗ ಎರಡು ವಾರ ಅಭ್ಯಾಸಕ್ಕೇ ಬರಲಿಲ್ಲ.

ಮಾಸ್ತರನ್ನು ಕೇಳಿದೆವು. "ಮುಂದ ನಿಂತ್ರ ಇಬ್ಬರು ಅವನ ಬೆನ್ನ ಹತ್ತತಾರ. ಗೋಲಿಗೆ ಬೆನ್ನ ಮಾಡಿ ಚೆಂಡ ತಗೋಬೇಕಾಗ್ತದ. ಹಿಂದ ನಿಂತ್ರ ಇಡೀ ಗ್ರೌಂಡ್ ಅವನ ಕಣ್ಣ ಮುಂದ ಇರ್ತದ. ನಮ್ಮ ಟೀಮಿನ್ಯಾಗ ಕಣ್ಣ ಇದ್ದಾಂವ ಅವನೊಬ್ಬನ" ಎಂದರು.

ಈ ಮಾತು ನಮಗೆ ಒಪ್ಪಿಗೆಯಾಯಿತು. ಯಾಕೆ ಎನ್ನುವುದನ್ನು ವಾಲಿಬಾಲ್ ನೋಡಿದ ಯಾರಿಗಾದರೂ ಸುಲಭವಾಗಿ ಹೇಳಬಹುದು. ಚಪ್ಪಾಳೆ ಬೀಳುವುದು ಸ್ಮ್ಯಾಶ್ ಹೊಡೆದವನಿಗೆ. ಆದರೆ ಲಿಫ್ಟರ್ ಸರಿಯಿಲ್ಲದ ತಂಡ ಯಾವ ಜಾತ್ರೆಯ ಪಂದ್ಯದಲ್ಲೂ ಎರಡನೇ ಸುತ್ತು ದಾಟುವುದಿಲ್ಲ ಅನ್ನುವುದು ಅಂಕಣದ ಸುತ್ತ ಕುಳಿತ ಅಜ್ಜಂದಿರಿಗೂ ಗೊತ್ತು. ಫುಟ್‌ಬಾಲ್‌ನಲ್ಲಿ ಹಿಂದೆ ನಿಂತು ಆಟ ಕಟ್ಟುವವನು ಆ ಲಿಫ್ಟರ್ ಇದ್ದ ಹಾಗೆ. ವ್ಯತ್ಯಾಸವೆಂದರೆ ಅವನು ನಿಲ್ಲುವುದು ಗೋಲಿನಿಂದ ಬಹಳ ದೂರ, ಹಾಗಾಗಿ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಜಗತ್ತಿನ ದೊಡ್ಡ ಉದಾಹರಣೆ ಇಟಲಿಯ ಆಂದ್ರೆಯಾ ಪಿರ್ಲೊ. ಅವರೂ ಮೊದಲು ಸ್ಟ್ರೈಕರ್‌ಗಳ ಬೆನ್ನಿಗೆ ಆಡುತ್ತಿದ್ದವರೇ. ಇಂಟರ್ ಮಿಲಾನ್‌ನಲ್ಲಿ ನೆಲೆ ಸಿಗದೆ 2001ರಲ್ಲಿ ತಮ್ಮ ಹಳೆಯ ತಂಡ ಬ್ರೆಶಿಯಾಕ್ಕೆ ಎರವಲು ಆಟಗಾರನಾಗಿ ಬಂದರು. ಅಲ್ಲಿ ಆ ಜಾಗದಲ್ಲಿ ರೊಬರ್ಟೊ ಬಾಜಿಯೊ ಇದ್ದರು. ಬಾಜಿಯೊ ಅವರನ್ನು ಯಾರು ತೆಗೆಯುತ್ತಾರೆ? ಕೋಚ್ ಕಾರ್ಲೊ ಮಾತ್ಸೋನೆ ಪಿರ್ಲೊ ಅವರನ್ನು ಹಿಂದಕ್ಕೆ ಸರಿಸಿದರು. ಅದೇ ವರ್ಷದ ಏಪ್ರಿಲ್ 1ರಂದು ಯುವೆಂಟಸ್ ವಿರುದ್ಧ ಪಿರ್ಲೊ ದೂರದಿಂದ ಕೊಟ್ಟ ಉದ್ದ ಪಾಸನ್ನು ಬಾಜಿಯೊ ಗೋಲಾಗಿಸಿದರು. ಪಂದ್ಯ 1-1ರಲ್ಲಿ ಮುಗಿಯಿತು. ಮುಂದೆ ಎಸಿ ಮಿಲಾನ್‌ನಲ್ಲಿ ಕಾರ್ಲೊ ಆನ್ಸೆಲೊಟ್ಟಿ ಅವರನ್ನು ಅದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಿಸಿದರು. 2003 ಮತ್ತು 2007ರ ಚಾಂಪಿಯನ್ಸ್ ಲೀಗ್, 2006ರ ವಿಶ್ವಕಪ್, ಎಲ್ಲವೂ ಬಂದದ್ದು ಪಿರ್ಲೊ ಹಿಂದಕ್ಕೆ ಸರಿದ ಮೇಲೆ.

ಇಷ್ಟು ದೂರ ಹೋಗುವುದೂ ಬೇಡ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಗೋವಾವನ್ನು 1-0ರಿಂದ ಸೋಲಿಸಿ ಮೊದಲ ಸಲ ಆ ಕಪ್ ಎತ್ತಿತು. 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದವರು ರಾಹುಲ್ ಭೆಕೆ, ಅದು ಎಲ್ಲರಿಗೂ ನೆನಪಿದೆ. ಆ ಕಾರ್ನರ್ ಒದ್ದವರು ಯಾರು? ಡಿಮಾಸ್ ಡೆಲ್ಗಾಡೊ. ಮೈದಾನದ ನಡುವೆ, ಹಿಂದೆ ನಿಂತು, ಬೆಂಗಳೂರಿನ ಆಟದ ಲಯ ಹಿಡಿಯುತ್ತಿದ್ದ ಸ್ಪೇನ್‌ನ ಆಟಗಾರ. ನಮ್ಮ ಬಳಗದಲ್ಲೇ ಕೇಳಿ ನೋಡಿದೆವು. ಭೆಕೆ ಎಂದು ಐವರು ಹೇಳಿದರು, ಡಿಮಾಸ್ ಎಂದು ಒಬ್ಬರೂ ಹೇಳಲಿಲ್ಲ.

ಹಾಗೆಂದು ಜಾಣ ಹುಡುಗರನ್ನೆಲ್ಲ ಹಿಂದಕ್ಕೆ ಎಳೆಯಿರಿ ಎಂದು ನಾವು ಹೇಳುತ್ತಿಲ್ಲ. ಇದು ಕೈಗೂಡಬೇಕಾದರೆ ಮೂರು ಮಾತು ಗಮನದಲ್ಲಿರಬೇಕು.

ಒಂದು, ಪಕ್ಕದಲ್ಲಿ ಓಡುವವನೊಬ್ಬ ಬೇಕು. ಪಿರ್ಲೊ ಪಕ್ಕದಲ್ಲಿ ಗಟುಸೊ ಇದ್ದರು, ಮೈಮೇಲೆ ಬಿದ್ದು ಚೆಂಡು ಕಿತ್ತು ತರುವ ಆಳು. ಡಿಮಾಸ್ ಪಕ್ಕದಲ್ಲಿ ಎತ್ತರದ ಆಸ್ಟ್ರೇಲಿಯಾದವರು ಎರಿಕ್ ಪಾರ್ತಾಲು ಇದ್ದರು. ಆಟ ಕಟ್ಟುವವನೇ ಜಗಳಕ್ಕೂ ಹೋಗಬೇಕು, ಓಡಿ ಹಿಡಿಯಲೂ ಬೇಕು ಎಂದರೆ ಅರ್ಧ ಪಂದ್ಯಕ್ಕೆ ಅವನ ಉಸಿರು ಹೋಗುತ್ತದೆ.

ಎರಡು, ನೆಲ. ಹರಳು ತುಂಬಿದ ಮೈದಾನದಲ್ಲಿ ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದು. ಮುಂದೆ ಚೆಂಡು ಕಳೆದುಕೊಂಡರೆ ಮತ್ತೊಂದು ಅವಕಾಶ ಸಿಗುತ್ತದೆ. ತನ್ನ ಗೋಲಿನ ಮುಂದೆಯೇ ಕಳೆದುಕೊಂಡರೆ ಎದುರಿನವರಿಗೆ ಗೋಲು ಸಿಗುತ್ತದೆ, ಬೈಗುಳ ಹುಡುಗನಿಗೆ ಸಿಗುತ್ತದೆ. ಅಂಥ ನೆಲದಲ್ಲಿ ಅವನ ತಪ್ಪನ್ನು ಲೆಕ್ಕ ಹಾಕುವ ಮೊದಲು ಹರಳು ಆರಿಸಬೇಕು.

ಮೂರನೆಯದು ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಹುಡುಗನಿಗೆ ಕಾರಣ ಹೇಳಬೇಕು. ನಮ್ಮ ಶಾಲೆಗಳಲ್ಲಿ 'ಹಿಂದೆ ಹೋಗು' ಎಂಬ ಮಾತಿಗೆ ಒಂದೇ ಅರ್ಥವಿದೆ. ಹಿಂದಿನ ಬೆಂಚು, ಹಿಂದಿನ ಸಾಲು. ಹದಿನೈದು ವರ್ಷದ ಹುಡುಗನ ಕಿವಿಗೆ ಅದು ಹಾಗೆಯೇ ಕೇಳಿಸುತ್ತದೆ. ಮಾಸ್ತರು ನಮಗೆ ಹೇಳಿದ ಮಾತನ್ನು ಅವನಿಗೂ ಅವನ ತಂದೆಗೂ ಮೊದಲೇ ಹೇಳಿದ್ದರೆ ಎರಡು ವಾರ ಹಾಳಾಗುತ್ತಿರಲಿಲ್ಲ.

ಇನ್ನು ನಮ್ಮ ತಪ್ಪಿಗೆ ಬರೋಣ. ಹುಡುಗ ಮರಳಿ ಬಂದ ಮೇಲಿನ ಪಂದ್ಯವನ್ನು ನಾವು ನೋಡಿದೆವು. ಅವನ ತಂಡ 2-0ರಿಂದ ಗೆದ್ದಿತು. ಎರಡೂ ಗೋಲು ಶುರುವಾದದ್ದು ಅವನ ಕಾಲಿನಿಂದ. ಒಂದು ಸಲ ಎಡಗಡೆ ಯಾರೂ ಇಲ್ಲದ ಜಾಗಕ್ಕೆ ಉದ್ದ ಚೆಂಡು ಕಳಿಸಿದ. ಇನ್ನೊಂದು ಸಲ ಎದುರಿನ ಇಬ್ಬರು ತನ್ನ ಮೇಲೆ ಬರುವ ತನಕ ಕಾದು, ಅವರು ಬಿಟ್ಟ ಜಾಗದಲ್ಲಿ ಚೆಂಡು ಸರಿಸಿದ. ನಾವು ಕಣ್ಣಾರೆ ಕಂಡೆವು, 'ಭಲೇ' ಎಂದೆವು. ಆಮೇಲೆ ಮೊಬೈಲ್ ತೆಗೆದು ನಾಲ್ಕು ಸಾಲಿನ ವರದಿ ಕಳಿಸಿದೆವು: ಯಾರ ವಿರುದ್ಧ ಯಾರು, ಎಷ್ಟಕ್ಕೆ ಎಷ್ಟು, ಗೋಲು ಹೊಡೆದ ಇಬ್ಬರ ಹೆಸರು, ಬಹುಮಾನ ಕೊಟ್ಟ ಗಣ್ಯರ ಹೆಸರು. ಗಣ್ಯರಲ್ಲಿ ಒಬ್ಬರ ಹೆಸರನ್ನೂ ಬಿಡಲಿಲ್ಲ. ಆಟ ಕಟ್ಟಿದವನನ್ನೇ ಬಿಟ್ಟೆವು.

ಇದನ್ನು ಸಣ್ಣ ವಿಷಯ ಎನ್ನಬೇಡಿ. ಹಳ್ಳಿ ಮನೆಯಲ್ಲಿ ಪೇಪರ್ ಕಟಿಂಗ್ ಪ್ಲಾಸ್ಟಿಕ್ ಫೈಲಿನಲ್ಲಿ ಕೂರುತ್ತದೆ. ಆಯ್ಕೆಗೆ ಬಂದವರು ಅದನ್ನು ನೋಡುತ್ತಾರೋ ಇಲ್ಲವೋ, ಮನೆಯವರು ನೋಡುತ್ತಾರೆ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಹುಡುಗನನ್ನು ಆಟಕ್ಕೆ ಬಿಡಬೇಕೋ, ಕಬ್ಬಿನ ಹೊಲಕ್ಕೆ ಕರೆದುಕೊಳ್ಳಬೇಕೋ ಎಂಬ ಮಾತು ಬಂದಾಗ ಆ ಫೈಲು ಒಂದು ಸಾಕ್ಷಿ. ಈ ಹುಡುಗನ ಫೈಲು ಕಳೆದ ವರ್ಷಕ್ಕೇ ನಿಂತಿದೆ. ಅವನು ಈ ವರ್ಷ ಕಳೆದ ವರ್ಷಕ್ಕಿಂತ ಚೆನ್ನಾಗಿ ಆಡುತ್ತಿದ್ದಾನೆ.

ಹಿಡಕಲ್‌ನ ನೀರು ನಂಬಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಮಡಿಯಲ್ಲಿ ಕಬ್ಬು ಹಸಿರಾಗಿದ್ದರೆ ಮೇಲೆ ಯಾರೋ ಸರಿಯಾದ ಹೊತ್ತಿಗೆ ನೀರು ತಿರುವಿದ್ದಾರೆ ಎಂದೇ ಅರ್ಥ. ವರದಿ ಬರೆಯುವಾಗ ಮಾತ್ರ ನಾವು ಕೊನೆಯ ಮಡಿಯಲ್ಲೇ ನಿಂತುಬಿಡುತ್ತೇವೆ.

ಆದ್ದರಿಂದ ನಮ್ಮ ಬಳಗ ಒಂದು ತೀರ್ಮಾನ ಮಾಡಿಕೊಂಡಿದೆ. ಇನ್ನು ಮುಂದೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಪಂದ್ಯದ ವರದಿ ಬರೆದರೂ ಗೋಲು ಹೊಡೆದವರ ಜೊತೆಗೆ ಆ ಗೋಲು ಎಲ್ಲಿಂದ, ಯಾರಿಂದ ಶುರುವಾಯಿತು ಎಂಬ ಒಂದು ಸಾಲು ಇರುತ್ತದೆ. ಜಾಗ ಸಾಲದಿದ್ದರೆ ಗಣ್ಯರ ಪಟ್ಟಿಯಿಂದ ಒಂದು ಹೆಸರು ಕಡಿಮೆ ಮಾಡುತ್ತೇವೆ. ಡೆಸ್ಕ್‌ನಲ್ಲಿ ಅದನ್ನು ಕತ್ತರಿಸಿದರೆ ಇಲ್ಲಿ, ನಮ್ಮದೇ ಪುಟದಲ್ಲಿ ಪೂರ್ತಿ ಹಾಕುತ್ತೇವೆ.

ಪಿಟಿ ಮಾಸ್ತರುಗಳಿಗೆ ನಮ್ಮ ವಿನಂತಿ ಒಂದೇ: ಜಾಗ ಬದಲಿಸುವ ಮೊದಲು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ. ತಂದೆ ತಾಯಿಯರಿಗೂ ಒಂದು ಮಾತು. ಮುಂದಿನ ಪಂದ್ಯಕ್ಕೆ ಬಂದಾಗ ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ, ನಿಮ್ಮ ಮಗ ಚೆಂಡು ಬರುವ ಮೊದಲು ಯಾವ ಕಡೆ ನೋಡುತ್ತಾನೆ ಎಂಬುದನ್ನು ನೋಡಿ.

ಆ ತಂದೆಗೆ ನಾವು ಚಹಾ ಅಂಗಡಿಯಲ್ಲಿ ಸರಿಯಾದ ಉತ್ತರ ಕೊಡಲಿಲ್ಲ. ಯಜಮಾನರೇ, ನಿಮ್ಮ ಹುಡುಗ ಏನೂ ತಪ್ಪು ಮಾಡಿಲ್ಲ. ಆ ಪಂದ್ಯದ ಎರಡೂ ಗೋಲು ಅವನಿಂದಲೇ ಶುರುವಾದವು. ಅಂದೇ ಬರೆಯಬೇಕಿತ್ತು, ಈಗ ಬರೆದಿದ್ದೇವೆ.