ಮಧ್ಯಾಹ್ನ ಬಾಗಿಲು ಹಾಕುವವರು ಸೋಮಾರಿಗಳಲ್ಲ

ಫ್ರಾನ್ಸಿಗೆ ಬಂದ ನಮ್ಮ ಕಡೆಯವರೆಲ್ಲ ಮೊದಲ ತಿಂಗಳಲ್ಲಿ ಹೇಳುವ ದೂರು ಒಂದೇ. "ಏನ್ರೀ ಜನ ಇವರು? ಸಿಟಿ ಬಿಟ್ಟು ಸ್ವಲ್ಪ ಆಚೆ ಹೋದ್ರೆ ಸಾಕು, ಹನ್ನೆರಡೂವರೆಗೆ ಎಲ್ಲಾ ಬಂದ್! ಬೇಕರಿ ಬಂದ್, ಪೋಸ್ಟಾಫೀಸು ಬಂದ್. ಮಧ್ಯಾಹ್ನ ಪೂರ್ತಿ ಒಂದು ತುಂಡು ಬ್ರೆಡ್ಡೂ ಸಿಗಲ್ಲ. ಇಂಥ ಸೋಮಾರಿಗಳು ಅದ್ಹೇಗೆ ಉದ್ಧಾರ ಆದ್ರೋ!"

ನಾನೂ ಇದೇ ಪಾರ್ಟಿಯವನು. ಆಫೀಸಿನ ಕಾಫಿ ಮಿಷಿನ್ ಪಕ್ಕ ನಿಂತು ಈ ಭಾಷಣವನ್ನು ಎಷ್ಟು ಸಲ ಬಿಗಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಕಳೆದ ಜುಲೈನಲ್ಲಿ ಒಂದು ದಿನ ಇವಳ ಜೊತೆ ಸೈಕಲ್ ತುಳಿದ ಮೇಲೆ ಪಾರ್ಟಿ ಬದಲಾಯಿಸಿದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ನಾಚಿಕೆಯ ಕಥೆ, ಆದರೂ ಇರಲಿ.

ತುಲೂಜ್‌ನಿಂದ ಕಾರ್ಕಸೋನ್‌ಗೆ ಎರಡು ದಿನದ ಸೈಕಲ್ ಪ್ರವಾಸ. ದಾರಿ ಕೇಳುವ ಗೋಜೇ ಇಲ್ಲ, ಕನಾಲ್ ದು ಮಿದಿ ಅನ್ನುವ ಕಾಲುವೆಯ ದಂಡೆ ಹಿಡಿದು ಹೋದರಾಯ್ತು. 1666ರಿಂದ 1681ರವರೆಗೆ ತೋಡಿದ, 240 ಕಿ.ಮೀ. ಉದ್ದದ ಕಾಲುವೆ ಇದು. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್-ಪಾಲ್ ರಿಕೆ ಅನ್ನುವವನ ಹುಚ್ಚು. ಕೈಯಿಂದಲೂ ದುಡ್ಡು ಸುರಿದ, ಆದರೆ ಕಾಲುವೆ ತೆರೆಯುವ ಕೆಲವು ತಿಂಗಳ ಮೊದಲು, 1680ರಲ್ಲಿ ತೀರಿಕೊಂಡ. ಆಗ ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಂಡೆಯ ಮೇಲೆ ಈಗ ನಮ್ಮಂಥವರು ಸೈಕಲ್ ಹೊಡೆಯುತ್ತೇವೆ.

ಮೊದಲ ದಿನ 65 ಕಿ.ಮೀ. ತುಳಿದು ಕಸ್ತೆಲ್ನೊದರಿ ಸೇರಿದೆವು. ಎರಡೂ ಕಡೆ ದೊಡ್ಡ ದೊಡ್ಡ ಪ್ಲೇನ್ ಮರಗಳು (ನಮ್ಮ ಕಾಶ್ಮೀರದ ಚಿನಾರ್ ಇದೆಯಲ್ಲ, ಅದರ ಬಳಗ). ಹಸಿರು ಸುರಂಗದೊಳಗೆ ಹೋದ ಹಾಗೆ. ಬಿಸಿಲು ಎಲ್ಲೋ ಇತ್ತು, ನಮ್ಮ ಮೇಲೆ ಇರಲಿಲ್ಲ.

ಎರಡನೇ ದಿನ ಬರೀ 40 ಕಿ.ಮೀ. ಕಾಲುವೆ ದಂಡೆ ಅಂದ ಮೇಲೆ ಏರು-ಇಳಿವು ಇಲ್ಲವೇ ಇಲ್ಲ. ನನ್ನ ತಲೆಯಲ್ಲಿ ಆಗಲೇ ಎಸ್ಟಿಮೇಟ್ ರೆಡಿ. ಗಂಟೆಗೆ 13 ಅಂದರೂ ಮೂರು ಗಂಟೆ ಕೆಲಸ. ಆರೂವರೆಗೆ ಹೊರಡಬೇಕು ಅಂತ ರಾತ್ರಿ ಮಾತಾಗಿತ್ತು. ಬೆಳಿಗ್ಗೆ ನಾನು ಫೋನಲ್ಲಿ ಆಫೀಸಿನ ಮೇಲ್ ನೋಡುತ್ತಾ ಕೂತೆ, ಅದಕ್ಕೆ ಉತ್ತರ, ಅದರ ಉತ್ತರಕ್ಕೆ ಇನ್ನೊಂದು ಉತ್ತರ... ಹೊರಟಾಗ ಹತ್ತೂವರೆ. ಮೆಡಿಕಲ್ ಶಾಪಿನ ಹಸಿರು ಪ್ಲಸ್ ಗುರುತಿನ ಬೋರ್ಡ್ ಮೇಲೆ ಆಗಲೇ 31 ಡಿಗ್ರಿ.

ದಾರಿಯಲ್ಲಿ ಒಂದು ಪಂಕ್ಚರ್. ಬ್ರಾಮ್ ಊರು ಮುಟ್ಟಿದಾಗ ಹನ್ನೆರಡೂಕಾಲು. ಇನ್ನೂ ಹದಿನೈದೇ ಕಿ.ಮೀ. ಆಗಿತ್ತು. ಬೇಕರಿಯವಳು ಬಾಗಿಲು ಎಳೆಯುವ ಹೊತ್ತಿಗೆ ಓಡಿ ಹೋಗಿ ಎರಡು ಬಗೆತ್ ಬ್ರೆಡ್ ತಂದೆ. ಟೊಮೇಟೊ, ಚೀಸು, ಮನೆಯಿಂದ ತಂದ ಚಟ್ನಿಪುಡಿ. ಮರದ ನೆರಳಲ್ಲಿ ಕೂತು ತಿಂದೆವು. ನಮ್ಮ ಕಣ್ಣೆದುರೇ ಊರು ಮುಚ್ಚಿಕೊಂಡಿತು. ಒಂದೊಂದೇ ಕಿಟಕಿಯ ಮರದ ಬಾಗಿಲು ಟಪ್ ಟಪ್ ಅಂತ ಹಾಕಿಕೊಂಡವು. ಕಾಲುವೆಯಲ್ಲಿ ದೋಣಿ ಏರಿಸಿ ಇಳಿಸುವ ಲಾಕ್ ಹತ್ತಿರವೂ ಊಟದ ಬಿಡುವು, ಪ್ರವಾಸಿಗರ ದೋಣಿಗಳೂ ಸಾಲಾಗಿ ನಿಂತಿದ್ದವು.

"ನಾವೂ ಇಲ್ಲೇ ಮಲಗೋಣ ಮಾರಾಯ, ಸಂಜೆ ಹೋದ್ರಾಯ್ತು" ಅಂದಳು ಇವಳು. ಸಾಗರದ ಹುಡುಗಿ, ಮಳೆಯಲ್ಲಿ ಬೆಳೆದವಳು.

"ಎರಡು ಗಂಟೆಗೆ ಹೊರಡೋಣ. ಮೂರರ ಮೇಲೆ ಬಿಸಿಲು ಇಳಿಯುತ್ತೆ" ಅಂದೆ ನಾನು. ವಿಜಯಪುರದ ಗಂಡು ನೋಡಿ, ಬಿಸಿಲಿನ ಬಗ್ಗೆ ನನಗೇ ಹೇಳಿಕೊಡುವುದಾ!

ಇಲ್ಲೇ ನಾನು ಎಡವಿದ್ದು. ಆ ಲೆಕ್ಕವನ್ನು ಆಮೇಲೆ ಕೂತು ಸರಿಯಾಗಿ ಮಾಡಿದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಜುಲೈನಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಬರುವುದು ಸುಮಾರು 12:25ಕ್ಕೆ. ಫ್ರಾನ್ಸಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅದಕ್ಕೂ ಮೊದಲೇ ಈ ದೇಶ ತನ್ನ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಮುಂದೆ ಇದೆ. ಹಾಗಾಗಿ ಕಾರ್ಕಸೋನ್‌ನಲ್ಲಿ ಜುಲೈನ ನಿಜವಾದ ನಡುಮಧ್ಯಾಹ್ನ ಅಂದರೆ ಹತ್ತಿರ ಹತ್ತಿರ ಎರಡು ಗಂಟೆ! ಗಾಳಿ ಅತಿ ಹೆಚ್ಚು ಕಾಯುವುದು ಅದಾದ ಎರಡು-ಮೂರು ಗಂಟೆಗೆ, ಅಂದರೆ ಸಂಜೆ ಐದರ ಆಸುಪಾಸು. ಬಿಸಿಲು ಇಳಿಯಿತು ಅಂತ ನಾನು ಹೊರಟ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದ. ದಿನವಿಡೀ ಟೈಮ್ ಜೋನ್ ಬಗ್‌ಗಳನ್ನು ಸರಿಮಾಡಿ ಸಂಬಳ ತಗೊಳ್ಳುವವನು ನಾನು. ಇದು ಹೊಳೆಯಲಿಲ್ಲ.

ಎರಡನೇ ತಪ್ಪು, ಮರಗಳನ್ನು ನಂಬಿದ್ದು. ಈ ಕಾಲುವೆಯ ದಂಡೆಯಲ್ಲಿ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಇಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂತು ಅನ್ನುತ್ತಾರೆ. ಔಷಧಿ ಇಲ್ಲ. ರೋಗ ತಗುಲಿದ ಮರವನ್ನೂ, ಅದರ ಅಕ್ಕಪಕ್ಕದ್ದನ್ನೂ ಕಡಿದು ಸುಡುವುದೇ ದಾರಿ. ಸಾವಿರಾರು ಮರ ಹೋಗಿವೆ. ಬದಲಿಗೆ ನೆಟ್ಟ ಗಿಡಗಳು ನನ್ನ ತೋಳಿನಷ್ಟು ದಪ್ಪ ಇವೆ. ಅವುಗಳ ನೆರಳಲ್ಲಿ ಒಂದು ಬೆಕ್ಕು ಮಲಗಬಹುದು ಅಷ್ಟೇ.

ಬ್ರಾಮ್ ದಾಟಿದ ಮೇಲೆ ನಮಗೆ ಸಿಕ್ಕಿದ್ದು ಅಂಥ ಬೋಳು ದಂಡೆ. ಬಿಳಿ ಜಲ್ಲಿ, ಅದರಿಂದ ಮುಖಕ್ಕೆ ಹೊಡೆಯುವ ಝಳ. ಬಾಟಲಿ ನೀರು ಟೀ ಮಾಡುವ ಹದಕ್ಕೆ ಬಂದಿತ್ತು. ಸೈಕಲ್ ಮೇಲಿರುವಾಗ ಗಾಳಿ ಬೀಸುತ್ತದೆ, ಬೆವರು ಅಲ್ಲಲ್ಲೇ ಆರುತ್ತದೆ, ಎಷ್ಟು ನೀರು ಕಳೆದುಕೊಂಡೆವು ಅಂತ ಗೊತ್ತೇ ಆಗುವುದಿಲ್ಲ. ನಾನು ಮುಂದೆ, ಇವಳು ಹಿಂದೆ. ಮೊದಮೊದಲು "ಇನ್ನೆಷ್ಟು?" ಅಂತ ಕೇಳುತ್ತಿದ್ದಳು. ಆಮೇಲೆ ಕೇಳುವುದು ನಿಲ್ಲಿಸಿದಳು. ಸಿಟ್ಟು ಬಂದಿದೆ, ಕಾರ್ಕಸೋನ್ ಕೋಟೆ ಕಂಡರೆ ಇಳಿಯುತ್ತೆ ಅಂದುಕೊಂಡು ಪೆಡಲ್ ಒತ್ತಿದೆ.

ತಿರುಗಿ ನೋಡಿದಾಗ ಸೈಕಲ್ ನಿಲ್ಲಿಸಿ ಹ್ಯಾಂಡಲ್ ಮೇಲೆ ತಲೆ ಇಟ್ಟಿದ್ದಳು. ಹತ್ತಿರ ಹೋದೆ. ಮುಖ ಬಿಳಚಿಕೊಂಡಿತ್ತು. ತೋಳಿನ ಮೇಲೆ ರೋಮ ಎದ್ದು ನಿಂತಿತ್ತು.

"ಚಳಿ ಆಗ್ತಾ ಇದೆ" ಅಂದಳು.

38 ಡಿಗ್ರಿಯಲ್ಲಿ ಚಳಿ! ನನಗೆ ಕೈಕಾಲು ತಣ್ಣಗಾದವು. ಬಿಸಿಲಿಗೆ ದೇಹ ಸೋಲುವಾಗ ಹೀಗೇ ಆಗುತ್ತದೆ. ತಲೆನೋವು, ವಾಕರಿಕೆ, ತಣ್ಣನೆ ಬೆವರು, ಚಳಿ. ಅದನ್ನೂ ಮೀರಿ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಪ್ರಾಣಕ್ಕೇ ಬರುತ್ತದೆ. ಇಬ್ಬರಿಗೂ ಸೇರಿ ಉಳಿದಿದ್ದು ಅರ್ಧ ಬಾಟಲಿ ನೀರು. ಅರ್ಧ ಕಿ.ಮೀ. ಆಚೆ ಹಳ್ಳಿಯೊಂದರ ಚರ್ಚಿನ ಗೋಪುರ ಕಾಣುತ್ತಿತ್ತು. ಸೈಕಲ್‌ಗಳನ್ನು ಅಲ್ಲೇ ಬಿಟ್ಟು, ಅವಳನ್ನು ಹಿಡಿದುಕೊಂಡು ನಡೆದೆ. ಚರ್ಚಿನ ಮೆಟ್ಟಿಲ ನೆರಳಲ್ಲಿ ಮಲಗಿಸಿ, ಬ್ಯಾಗಿನ ಮೇಲೆ ಕಾಲು ಎತ್ತಿಟ್ಟು ನೀರು ಹುಡುಕಿ ಓಡಿದೆ. ಮುಚ್ಚಿದ ಅಂಗಡಿ, ಮುಚ್ಚಿದ ಕಿಟಕಿಗಳು, ಒಂದು ನರಪಿಳ್ಳೆ ಇಲ್ಲ. ಇಲ್ಲಿ ಸೈಕಲ್ ಹೊಡೆಯುವವರ ಒಂದು ಗುಟ್ಟು ನೆನಪಾಯಿತು. ಫ್ರಾನ್ಸಿನ ಹಳ್ಳಿಗಳ ಸ್ಮಶಾನದಲ್ಲಿ ಸಮಾಧಿಯ ಹೂಗಿಡಗಳಿಗೆ ಅಂತ ನಲ್ಲಿ ಇರುತ್ತದೆ. ಕುಡಿಯುವ ನೀರಲ್ಲ ಅನ್ನುವ ಬೋರ್ಡ್ ಇಲ್ಲದಿದ್ದರೆ ತುಂಬಿಸಿಕೊಳ್ಳಬಹುದು. ಸಿಕ್ಕಿತು. ಸತ್ತವರ ಕೃಪೆಯಿಂದ ಎರಡು ಬಾಟಲಿ ನೀರು!

ವಾಪಸ್ ಬಂದು ಅವಳ ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ ಸುತ್ತುತ್ತಿದ್ದೆ. ಎದುರು ಮನೆಯ ಕಿಟಕಿ ಒಂದು ಗೇಣು ತೆರೆಯಿತು. ಅಜ್ಜಿಯೊಬ್ಬರು ಇಣುಕಿದರು. ನಮ್ಮನ್ನು ನೋಡಿ, ಹೊರಗೆ ಬಂದು, ಮೊದಲು ಹೇಳಿದ್ದು "ನಿಮಗೆ ಹುಚ್ಚು" ಅಂತ. ಅಷ್ಟು ಫ್ರೆಂಚ್ ನನಗೂ ಬರುತ್ತೆ.

ಒಳಗೆ ಕರೆದುಕೊಂಡು ಹೋದರು. ಆ ಮನೆಯ ತಂಪನ್ನು ಹೇಗೆ ಹೇಳಲಿ! ಏಸಿ ಇಲ್ಲ, ಒಂದು ಫ್ಯಾನ್ ಕೂಡ ಇಲ್ಲ. ಎರಡು ಅಡಿ ದಪ್ಪದ ಕಲ್ಲುಗೋಡೆ, ಕೆಂಪು ಹೆಂಚಿನ ನೆಲ, ಕತ್ತಲು. ರಾತ್ರಿ ಎಲ್ಲ ಕಿಟಕಿ ತೆರೆದಿಡುತ್ತಾರಂತೆ, ಬೆಳಿಗ್ಗೆ ಒಂಬತ್ತರೊಳಗೆ ಗಾಜು, ಮರದ ಬಾಗಿಲು ಎರಡನ್ನೂ ಹಾಕಿಬಿಡುತ್ತಾರಂತೆ. ರಾತ್ರಿಯ ತಂಪನ್ನು ಹಿಡಿದಿಟ್ಟು ಹಗಲು ಖರ್ಚು ಮಾಡುವ ಯಂತ್ರ ಅದು. ಹೊರಗಿನಿಂದ ನೋಡಿ "ಸತ್ತ ಊರು" ಅಂದುಕೊಂಡಿದ್ದೆ. ಒಳಗೆ ರೇಡಿಯೋ ಹಾಡುತ್ತಿತ್ತು, ಬಟಾಣಿ ಸುಲಿಯುವ ಕೆಲಸ ಅರ್ಧಕ್ಕೆ ನಿಂತಿತ್ತು. ಅಜ್ಜಿ ಪುದೀನಾ ಶರಬತ್ತಿನ ಹಸಿರು ನೀರು ಕೊಟ್ಟರು, ಜೊತೆಗೆ ಉಪ್ಪು ಬಿಸ್ಕತ್ತು. ಗಂಟೆಯೊಳಗೆ ಇವಳ ಮುಖಕ್ಕೆ ಬಣ್ಣ ಬಂತು. ನನ್ನನ್ನು ನೋಡಿ ಮೊದಲು ಹೇಳಿದ್ದು, "ನಾನು ಮಾತಾಡ್ತಿಲ್ಲ ಅಂದ್ರೆ ಸಿಟ್ಟು ಅಂತಲೇ ಅಂದ್ಕೊಂಡ್ಯಾ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಡುವೆ ಅಜ್ಜಿಯ ಫೋನ್ ಬಡಿಯಿತು. ಊರಿನ ಪಂಚಾಯ್ತಿ ಆಫೀಸಿನಿಂದ. ಚೆನ್ನಾಗಿದ್ದೀರಾ, ನೀರು ಕುಡಿದಿರಾ ಅಂತ ಕೇಳಿದರಂತೆ. ಅದರ ಹಿಂದೆ ದೊಡ್ಡ ಕಥೆಯೇ ಇದೆ. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಎಷ್ಟೋ ಮಂದಿ ರಜೆಗೆ ಖಾಲಿಯಾದ ನಗರಗಳಲ್ಲಿ ಒಂಟಿಯಾಗಿದ್ದವರು. 2004ರಲ್ಲಿ ಕಾನೂನು ಬಂತು. ಒಂಟಿ ವೃದ್ಧರು ಹೆಸರು ಬರೆಸಿದರೆ ಊರಿನ ಮೇಯರ್ ಆ ಪಟ್ಟಿ ಇಟ್ಟುಕೊಳ್ಳಬೇಕು, ಬಿಸಿಗಾಳಿ ಬಂದಾಗ ವಿಚಾರಿಸಿಕೊಳ್ಳಬೇಕು. 2019ರ ಜೂನ್ 28ರಂದು ಇದೇ ದಕ್ಷಿಣ ಫ್ರಾನ್ಸಿನ ವೆರಾರ್ಗ್ ಎಂಬಲ್ಲಿ 46 ಡಿಗ್ರಿ ದಾಖಲಾಯಿತು. ನಮ್ಮ ರಾಯಚೂರನ್ನು ಮೀರಿಸುವ ಬಿಸಿಲು. ಇವರಿಗೆ ಇದು ತಮಾಷೆಯ ವಿಷಯ ಅಲ್ಲ.

ಸಂಜೆ ಏಳೂವರೆಗೆ ಅಜ್ಜಿಯ ಅಳಿಯ ವ್ಯಾನ್ ತಂದು ಸೈಕಲ್ ಸಮೇತ ಕಾರ್ಕಸೋನ್‌ಗೆ ಬಿಟ್ಟ. ರಾತ್ರಿ ಊರಿಗೆ ಫೋನ್ ಮಾಡಿದೆ. ಅವ್ವ ಒಂದೇ ಮಾತು ಅಂದಳು: "ಬಿಸಲಾಗ ಯಾಕ ಹೊಂಟಿದ್ರಿ? ನಮ್ಮೂರಾಗ ಹನ್ನೆರಡರ ಮ್ಯಾಲ ನಾಯಿ ಸೈತ ಹೊರಗ ಬರೂದಿಲ್ಲ. ಮರತಿ ಏನು?"

ಮರೆತಿದ್ದೆ. ಅದೇ ನನ್ನ ತಕರಾರು, ಫ್ರೆಂಚರ ಮೇಲಲ್ಲ, ನನ್ನಂಥವರ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನೆಲಕ್ಕೆ ನೀರು ಚಿಮುಕಿಸಿ ಮಲಗುವ ಮನೆಯಲ್ಲೇ ಬೆಳೆದವನು ನಾನು. ಏಪ್ರಿಲ್-ಮೇ ಬಂದರೆ ಕಲಬುರಗಿ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆಗೂ ಸರ್ಕಾರಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುವ ಪದ್ಧತಿ ನಮ್ಮಲ್ಲೂ ಇದೆ. ಓದಿ, ಏಸಿ ಆಫೀಸು ಸೇರಿ, ಆ ಬುದ್ಧಿಗೆ "ಸೋಮಾರಿತನ" ಅಂತ ಹೆಸರಿಟ್ಟುಬಿಟ್ಟೆವು. ಟಾರ್ಗೆಟ್ ಮುಟ್ಟದ ದಿನ ದಿನವೇ ಅಲ್ಲ ಅನ್ನುವ ರೋಗ ಆಫೀಸಿನಿಂದ ರಜೆಗೂ, ರಜೆಯಿಂದ ಸಂಸಾರಕ್ಕೂ ಹರಡಿತು.

ಫ್ರೆಂಚರು ಬರೀ ಬಿಸಿಲಿಗೆ ಹೆದರಿ ಅಂಗಡಿ ಹಾಕುತ್ತಾರೆ ಅನ್ನುತ್ತಿಲ್ಲ. ಚಳಿಗಾಲದಲ್ಲೂ ಹಾಕುತ್ತಾರೆ, ಕೂತು ಊಟ ಮಾಡುವುದು ಅವರಿಗೆ ದೊಡ್ಡದು. ಎಲ್ಲರಿಗೂ ಬಾಗಿಲು ಹಾಕಿಕೊಳ್ಳುವ ಭಾಗ್ಯ ಇಲ್ಲ ಅನ್ನುವುದೂ ಗೊತ್ತು. ಅಲ್ಲಿ ದ್ರಾಕ್ಷಿ ತೋಟದಲ್ಲಿ ದುಡಿಯುವವನಿಗೂ ಇಲ್ಲ, ನಮ್ಮಲ್ಲಿ ಮಧ್ಯಾಹ್ನ ಎರಡಕ್ಕೆ ಬಿರಿಯಾನಿ ಹೊತ್ತು ಬೈಕಿನಲ್ಲಿ ಬರುವ ಹುಡುಗನಿಗೂ ಇಲ್ಲ. ನಾನು ಬಾಗಿಲು ಹಾಕುವವರನ್ನು ಬೈಯುವ ಬದಲು, ಹಾಕಲಾಗದವರ ಬಗ್ಗೆ ಯೋಚಿಸಬೇಕಿತ್ತು.

ಈಗ ನಮ್ಮ ಮನೆಯಲ್ಲಿ ಸೈಕಲ್ ಕಾನೂನು ಬದಲಾಗಿದೆ. ಆರೂವರೆಗೆ ಹೊರಡುವುದು, ಹನ್ನೆರಡಕ್ಕೆ ನಿಲ್ಲುವುದು, ಬೇಕಿದ್ದರೆ ಸಂಜೆ ಆರರ ಮೇಲೆ ಮತ್ತೆ ಹೊರಡುವುದು. ಜುಲೈನಲ್ಲಿ ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತೆ, ಅವಸರ ಯಾರಿಗೆ? ಮುಂದೆ ಹೋಗುವುದು ಇವಳು, ಹಿಂದೆ ನಾನು. ಫೋನಿನ ಆ್ಯಪ್‌ನಲ್ಲಿ ಆ ದಿನದ ಲೆಕ್ಕ 25 ಕಿ.ಮೀ.ಗೆ ನಿಂತಿದೆ. ಅಳಿಸಿಲ್ಲ, ಇರಲಿ ಅಂತ ಬಿಟ್ಟಿದ್ದೇನೆ.

ಕಾಫಿ ಮಿಷಿನ್ ಹತ್ತಿರ ಮೊನ್ನೆ ಹೊಸದಾಗಿ ಬಂದ ಹುಡುಗನೊಬ್ಬ ಅದೇ ಭಾಷಣ ಶುರು ಮಾಡಿದ. "ನಿಮ್ಮೂರು ಯಾವುದಪ್ಪಾ?" ಅಂತ ಕೇಳಿದೆ. "ಸಿಂಧನೂರು ಸರ್" ಅಂದ.

ನಿಮ್ಮೂರಲ್ಲಿ ಮಧ್ಯಾಹ್ನ ಏನು ಮಾಡ್ತಾರೆ? ಬಿಡುವಾದಾಗ ಬರೆಯಿರಿ. ಮಧ್ಯಾಹ್ನ ಬೇಡ, ಸಂಜೆ ಬರೆದರೂ ನಡೆಯುತ್ತೆ :)