ತಂಬಾಕು ಬಿಟ್ಟು ದೇಶದ ಸಾಲ ತೀರಿಸಹೊರಟವರು

ಒಂದು ದೇಶದ ಸಾಲವನ್ನು ತೀರಿಸಬೇಕಾದವರು ಯಾರು? ಸಾಲ ಮಾಡಿದ ಸರ್ಕಾರವೋ, ಆ ಬಗ್ಗೆ ಒಂದು ಮಾತಾಡಲೂ ಅವಕಾಶವಿಲ್ಲದ ಪ್ರಜೆಯೋ? 1907ರಲ್ಲಿ ಕೊರಿಯಾದ ದೇಗು ಪಟ್ಟಣದ ಜನ ಕೊಟ್ಟ ಉತ್ತರ ಇಂದಿಗೂ ಮನನಯೋಗ್ಯವಾಗಿದೆ.

1905ರಲ್ಲಿ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಯಿತು. ಜಪಾನು ಹೇರಿದ ಸಾಲ 1907ರ ಹೊತ್ತಿಗೆ 1 ಕೋಟಿ 30 ಲಕ್ಷ ವಾನ್ ಮುಟ್ಟಿತ್ತು. ಸಾಲ ತೀರದಿದ್ದರೆ ನಾಡೇ ಕೈತಪ್ಪೀತೆಂಬ ಆತಂಕದಿಂದ ದೇಗುವಿನ ಸೋ ಸಾಂಗ್-ದೊನ್, ಕಿಮ್ ಗ್ವಾಂಗ್-ಜೆ ಮೊದಲಾದವರು ಮುಂದಿಟ್ಟ ಲೆಕ್ಕ ಸರಳವಾಗಿತ್ತು. ಎರಡು ಕೋಟಿ ಜನ ಮೂರು ತಿಂಗಳು ತಂಬಾಕು ತ್ಯಜಿಸಿ, ತಿಂಗಳಿಗೆ ತಲಾ 20 ಜೊನ್, ಅಂದರೆ ವಾನಿನ ಐದನೆಯ ಒಂದು ಭಾಗ ಕೊಟ್ಟರೆ 1 ಕೋಟಿ 20 ಲಕ್ಷ ವಾನ್ ಸೇರುತ್ತದೆ. ಉಳಿದ ಕೊರತೆಯನ್ನು ಉಳ್ಳವರು ತುಂಬಬೇಕು. ಸೋ ತಾವೇ 800 ವಾನ್ ಘೋಷಿಸಿದರು.

ತಂಬಾಕಿನ ಈ ಲೆಕ್ಕದಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ದೇಗುವಿನ ನಮಿಲ್-ದೊಂಗ್ ಪ್ರದೇಶದ ಗೃಹಿಣಿಯರು ಅದನ್ನು ಪ್ರಶ್ನಿಸಿ ತಮ್ಮ ಒಡವೆಗಳನ್ನೇ ತಂದೊಪ್ಪಿಸಿದರು. ಊರೂರುಗಳಲ್ಲಿ ಮಹಿಳಾ ಸಂಘಗಳು ಹುಟ್ಟಿಕೊಂಡವು. ದೊರೆ ಗೋಜೊಂಗ್ ಕೂಡ ಧೂಮಪಾನ ತ್ಯಜಿಸಿದರು. ಕೊಟ್ಟವರ ಹೆಸರು, ಮೊತ್ತಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು. ಬಡವನ ಕಾಸಿಗೂ ಬಹಿರಂಗ ಲೆಕ್ಕ ದೊರೆತದ್ದು ಚಳವಳಿಯ ನಿಜವಾದ ಬಂಡವಾಳ.

ಆಳುವವರ ಪೆಟ್ಟು ಬಿದ್ದದ್ದೂ ಅಲ್ಲಿಗೇ. ಚಳವಳಿಯ ಮುಖವಾಣಿಯಾಗಿದ್ದ 'ದೇಹಾನ್ ಮೇಇಲ್ ಶಿನ್ಬೊ' ಪತ್ರಿಕೆಯ ಯಾಂಗ್ ಗಿ-ತಾಕ್ ಅವರನ್ನು 1908ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ಬಂಧಿಸಲಾಯಿತು. ಅವರು ಖುಲಾಸೆಯಾದರೂ ಬಿತ್ತಿದ ಸಂಶಯ ತನ್ನ ಕೆಲಸ ಮಾಡಿತ್ತು. ಸೇರಿದ ಹಣ ಸಾಲದ ಅಲ್ಪಾಂಶ ಮಾತ್ರ. 1910ರಲ್ಲಿ ಕೊರಿಯಾ ಜಪಾನಿನ ವಸಾಹತಾಯಿತು.

1997ರ ಆರ್ಥಿಕ ಕುಸಿತದ ನಂತರ ಆ ನೆನಪು ಮರಳಿತು. 1998ರಲ್ಲಿ ದಕ್ಷಿಣ ಕೊರಿಯಾದ ಸುಮಾರು 35 ಲಕ್ಷ ಜನ 227 ಟನ್‌ಗಳಷ್ಟು ಚಿನ್ನ ಒಪ್ಪಿಸಿದರು. ಅದರಲ್ಲಿ ಬಹುಪಾಲು ದಾನವಲ್ಲ, ಸ್ವದೇಶಿ ನಾಣ್ಯಕ್ಕೆ ಮಾರಿದ್ದು. ಆದರೂ ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರಗಳನ್ನು ಬಿಟ್ಟುಕೊಡುವುದು ಸುಲಭವಲ್ಲ. ಅಷ್ಟಾಗಿಯೂ ಆ ಬಿಕ್ಕಟ್ಟನ್ನು ತಂದದ್ದು ಆ ಮನೆಗಳಲ್ಲ. ಮಿತಿಮೀರಿ ಸಾಲ ಮಾಡಿದ ಬೃಹತ್ ಉದ್ಯಮ ಸಮೂಹಗಳು ಮತ್ತು ಹದ್ದಿನ ಕಣ್ಣಿಡದ ಆಡಳಿತ.

ಆದ್ದರಿಂದ ಜನರ ತ್ಯಾಗವನ್ನು ಹೊಗಳುವುದಷ್ಟೇ ಸಾಲದು. 2017ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ಪಟ್ಟಿಗೆ 1907ರ ದಾಖಲೆಗಳನ್ನು ಸೇರಿಸಿತು. ಆ ಗೌರವ ಸಂದದ್ದು ತೀರಿದ ಸಾಲಕ್ಕಲ್ಲ. ಆಳುವವರು ಮಾಡಿದ ಸಾಲವನ್ನು ತಮ್ಮದೆಂದು ಭಾವಿಸಿದ ಸಾಮಾನ್ಯರ ಪೌರಪ್ರಜ್ಞೆಗೆ. ಭಾರ ಹೊರುವವನಿಗೆ ಲೆಕ್ಕ ಕೇಳುವ ಹಕ್ಕೂ ಇದೆ. ಆ ಹಕ್ಕನ್ನು ಮಾನ್ಯ ಮಾಡದ ಸರ್ಕಾರಕ್ಕೆ ಪ್ರಜೆಯ ಉಂಗುರ ಕೇಳುವ ನೈತಿಕ ಅಧಿಕಾರವಿಲ್ಲ.